ಬೆರಕೆ ಪಾರಿವಾಳದ ಗೂಡು

ಲಕ್ಷ್ಮೇಶ್ವರದ ನಮ್ಮ ಅತ್ತೆಮನೆಗೆ ಬಂದವರೆಲ್ಲ ಮೊದಲು ಪಡಸಾಲೆಯ ತೊಲೆಗೆ ಕಟ್ಟಿದ್ದ ಪಾರಿವಾಳದ ಗೂಡು ನೋಡಿ, ಆಮೇಲೆ ನನ್ನ ಹೊಟ್ಟೆ ನೋಡುತ್ತಿದ್ದರು. ಸೆರಗು ಎಷ್ಟು ಎಳೆದುಕೊಂಡರೂ ನಾಚಿಕೆ ಮುಚ್ಚುತ್ತಿರಲಿಲ್ಲ. ಎಪ್ಪತ್ತರ ದಶಕ. ಮದುವೆಯಾಗಿ ವರ್ಷಗಳು ಕಳೆದಿದ್ದರೂ ನನಗೆ ಮಕ್ಕಳಾಗಿರಲಿಲ್ಲ.

ಮನೆಯಲ್ಲಿ ಜೋಡಿಹಕ್ಕಿ ಮರಿ ಮಾಡಿದರೆ ಸೊಸೆಯ ಮಡಿಲೂ ತುಂಬುತ್ತದೆ ಎಂದು ಅತ್ತೆಗೆ ಯಾರೋ ಹೇಳಿದ್ದರು. ಎದುರು ಮನೆಯ ಚಾಚಿ ಪಾರಿವಾಳ ಸಾಕುತ್ತಿದ್ದಳು. ಅತ್ತೆಗೆ ಹಿಡಿಸಿದ್ದು ಅಲ್ಲಿನ ಒಂದು ಗಂಡು. ಅದರ ಅಪ್ಪ ಪಾರಿವಾಳ, ಅವ್ವ ಚಾಚಿಯ ಪಂಜರದಲ್ಲಿದ್ದ ಬೆಳವ, ಬೇರೆಯೇ ಜಾತಿಯ ಕಾಡುಹಕ್ಕಿ. ಮೈಕಟ್ಟು ಅಪ್ಪನದು, ಕೊರಳ ಹಿಂದಿನ ಕರಿಪಟ್ಟಿ ಅವ್ವನದು, ಕೂಗು ಮಾತ್ರ ಯಾರದೂ ಅಲ್ಲ.

"ಅದು ಬೆರಕಿ ಐತ್ರಿ ಅವ್ವಾರ, ಬ್ಯಾರೆದ್ದು ಒಯ್ರಿ," ಎಂದಳು ಚಾಚಿ.

"ಬೆರಕಿನ ಇರಲಿ. ಹೈಬ್ರಿಡ್ ಜ್ವಾಳ ಹೆಂಗ ತೆನಿ ಕಟ್ಟತೈತಿ ನೋಡಿಲ್ಲೇನವಾ? ಇದೂ ಹಂಗ ಮರಿ ಮಾಡತೈತಿ," ಎಂದು ಅತ್ತೆ ಅದನ್ನೂ ಒಂದು ಬಿಳಿ ಹೆಣ್ಣು ಪಾರಿವಾಳವನ್ನೂ ತಂದರು.

ಹೆಣ್ಣು ಮೊಟ್ಟೆ ಇಟ್ಟಿತು, ಕಾವು ಕೂತಿತು. ಮೊಟ್ಟೆ ಕೊಳೆತು ನಾರಿದವು. ಮತ್ತೆ ಇಟ್ಟಿತು, ಮತ್ತೆ ಅದೇ ಹಣೆಬರಹ. ಗೂಡು ತೊಳೆಯುವ ಕೆಲಸ ನನ್ನದು. "ಬಂಜಿ ಕೈಯಾಗಿನ ಕಾಳು ತಿಂದು ಅದೂ ಬಂಜಿ ಆತು," ಎಂದು ಅತ್ತೆ ಓಣಿಯವರ ಮುಂದೆ ಅಂದಾಗ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಯಜಮಾನರು ಅಲ್ಲೇ ಕೂತಿದ್ದರು. ಕಚೇರಿಯಲ್ಲಿ ದೊಡ್ಡ ಬಾಯಿಯವರು ಪೇಪರಿನ ಹಾಳೆ ತಿರುವಿದರು.

ಅತ್ತೆ ಆ ಹೆಣ್ಣನ್ನು ಚಾಚಿಗೆ ತಿರುಗಿ ಕೊಟ್ಟು, ಗಂಡಿಗೆ ಬೇರೆ ಜೋಡಿ ತಂದರು. ಅದರ ಹಿಂದೆಯೇ ಮಗನಿಗೂ ಮುಂಡರಗಿಯಲ್ಲಿ ಎರಡನೇ ಸಂಬಂಧ ನೋಡಿದರು. ನಾನು ಅಸುಂಡಿಯ ತವರಿಗೆ ಹೋಗಿ ಇರುವುದೆಂದು ನಿಶ್ಚಯವಾಯಿತು. ನನ್ನನ್ನು ಯಾರೂ ಕೇಳಲಿಲ್ಲ.

ಹೆಣ್ಣಿನ ಕಡೆಯವರು ಬಂದ ದಿನ ಅವಲಕ್ಕಿ ಹಚ್ಚಿ ಕೊಟ್ಟವಳೂ ನಾನೇ. ಪ್ಲೇಟು ಇಡುತ್ತಿದ್ದಾಗ ಚಾಚಿ ಸಣ್ಣ ಬುಟ್ಟಿ ಹಿಡಿದು ಒಳಗೆ ಬಂದಳು.

"ನೋಡ್ರಿ ಅವ್ವಾರ, ಬಂಜಿ ಅಂತ ತಿರುಗಿ ಕೊಟ್ಟಿದ್ರಲ್ಲ, ಅದನ್ನ ನಮ್ಮ ಪಾರಿವಾಳದ ಕೂಡ ಬಿಟ್ಟೆ. ಎರಡು ಮರಿ ಮಾಡೇತಿ."

ಪುಕ್ಕ ಮೂಡದ ಎರಡು ಹಳದಿ ಮರಿಗಳು ಬುಟ್ಟಿಯಲ್ಲಿ ಕುತ್ತಿಗೆ ಎತ್ತುತ್ತಿದ್ದವು. ನಮ್ಮ ತೊಲೆಯ ಮೇಲೆ ಹೊಸ ಹೆಣ್ಣು ಕೊಳೆತ ಮೊಟ್ಟೆಗೆ ಕಾವು ಕೊಡುತ್ತಿತ್ತು.

ಬಂದವರಲ್ಲಿ ಹಿರಿಯರೊಬ್ಬರು ಗೂಡು ನೋಡಿದರು. ಆಮೇಲೆ ನನ್ನನ್ನು ನೋಡಲಿಲ್ಲ, ಯಜಮಾನರನ್ನು ನೋಡಿದರು. ಆ ನೋಟದ ಉರಿ ನನಗೆ ಗೊತ್ತಿತ್ತು. ಯಜಮಾನರು ತಲೆ ತಗ್ಗಿಸಿದ್ದು ಕಂಡು ನನಗೆ ಖುಷಿಯಾಯಿತು. ಖುಷಿಯಾಯಿತಲ್ಲ ಎಂದು ಮತ್ತೆ ನಾಚಿಕೆಯಾಯಿತು. "ಬರತೇವ್ರಿ" ಎಂದು ಎದ್ದವರು ಮತ್ತೆ ಬರಲಿಲ್ಲ.

ಅತ್ತೆ ಅಡುಗೆಮನೆಗೆ ಬಂದು ನನ್ನ ಕೈ ಹಿಡಿದರು. ಎಂದೂ ಹಿಡಿದವರಲ್ಲ.

"ಇನ್ನ ನೀ ಎಲ್ಲೂ ಹೋಗಬ್ಯಾಡವಾ. ಆದ್ರ ಯಾರರ ಕೇಳಿದ್ರ ದೋಷ ನಂದ ಅಂತ ಹೇಳು. ಇಲ್ಲಂದ್ರ ಅವನ ಮಾನ ಹೋಗತೈತಿ."

"ಹೂಂರಿ," ಎಂದೆ.

ಈಗ ಅತ್ತೆಯೂ ಇಲ್ಲ, ಅವರೂ ಇಲ್ಲ. ಕೇಳಿದವರಿಗೆ ನಾನು ಇನ್ನೂ ಹಾಗೇ ಹೇಳುತ್ತೇನೆ.