ಪೆರ್ಲಿಸ್‌ನಲ್ಲಿ ಮತದಾನದ ದಿನ

ಮಲೇಷ್ಯಾದ ಪುಟ್ಟ ಗದ್ದೆನಾಡು ಪೆರ್ಲಿಸ್‌ನಲ್ಲಿ ಇಂದು ಮತದಾನ. ಚಹಾದಂಗಡಿಯಲ್ಲಿ ಎದುರು ಕೂತ ತಮಿಳು ಹೆಂಗಸಿನ ಬೆರಳ ಶಾಯಿ ಇನ್ನೂ ಒಣಗಿರಲಿಲ್ಲ. ಚುನಾವಣೆಗೆ ನಿಂತ ತಮ್ಮನಿಗಾಗಿ ಕೌಲಾಲಂಪುರದಿಂದ ಬಸ್ಸಿನಲ್ಲಿ ಬಂದಳಂತೆ.

“ಗೆಲ್ತಾನಾ?” ಎಂದೆ.

“ಎಲ್ಲಿ ಲಾ!” ಎಂದಳು, ಇಲ್ಲಿಯವರು ಮಾತಿನ ಕೊನೆಗೆ ಸೇರಿಸುವ ‘ಲಾ’ ಎಳೆದು. “ಡೆಪಾಸಿಟ್ಟೂ ಹೋಗುತ್ತೆ. ಸ್ವಂತ ಅಕ್ಕನ ವೋಟೂ ಬೀಳಲಿಲ್ಲ ಅಂತ ಊರು ನಗಬಾರದಲ್ಲ, ಅಣ್ಣಾ.”

ನನ್ನೂರಲ್ಲೂ ಇಂದೇ ಪಂಚಾಯಿತಿ ಚುನಾವಣೆ. ನಿಂತವಳು ನನ್ನಕ್ಕ, ಎದುರಾಳಿ ನಾನು ಬಾಡಿಗೆಗೆ ಹಿಡಿದ ಅಂಗಡಿಯ ಮಾಲೀಕ. ಇಬ್ಬರಿಗೂ ಮಾತು ಕೊಟ್ಟು, ಯಾರಿಗೂ ಹೇಳದೆ ಇಲ್ಲಿಗೆ ಓಡಿಬಂದಿದ್ದೇನೆ. ಬೆಳಗಿನಿಂದ ಅಕ್ಕನ ಫೋನು ಎತ್ತಿಲ್ಲ.

ಮತ್ತೆ ಬಂತು. ಈ ಸಲ ಎತ್ತಿದೆ.

“ಎಲ್ಲಿದೀಯೋ?”

“ಕ್ಯೂನಲ್ಲಿದೀನಿ, ಅಕ್ಕ.”

“ನಾನೂ ಬೂತ್ ಹತ್ರಾನೇ ನಿಂತಿದೀನಿ ಕಣೋ. ಕೈ ಎತ್ತು, ನೋಡ್ತೀನಿ.”

ಕೂತಲ್ಲೇ ನನ್ನ ಕೈ ಎದ್ದುಬಿಟ್ಟಿತು. ಅಂಗಡಿಯ ಹುಡುಗ ಇನ್ನೊಂದು ಚಹಾ ತಂದಿಟ್ಟ.