ತಂತಿ ಚುಚ್ಚಿದವರಿಗೆಲ್ಲ ಇಂಟರ್ನೆಟ್

ಹರಿಹರದಲ್ಲಿ ನನ್ನ ಅಕ್ಕನ ಮನೆಯೊಳಗೆ ಮೊಬೈಲ್ ಸಿಗ್ನಲ್ ಬರುವುದಿಲ್ಲ. ಗೋಡೆಗಳು ದಪ್ಪ, ಓಣಿ ಕಿರಿದು, ಹಿಂದೆ ಯಾರದೋ ಎತ್ತರದ ಕಟ್ಟಡ. ಇವುಗಳಲ್ಲಿ ನಿಜವಾದ ಕಾರಣ ಯಾವುದೆಂದು ನಾನು ಪರೀಕ್ಷಿಸಿ ನೋಡಿಲ್ಲ, ಹಾಗಾಗಿ ಖಚಿತವಾಗಿ ಹೇಳಲಾರೆ. ಫೋನಿನಲ್ಲಿ ಮಾತಾಡಬೇಕಾದವರು ಮಾಳಿಗೆ ಹತ್ತಿ ನೀರಿನ ಟ್ಯಾಂಕಿನ ಪಕ್ಕ ನಿಲ್ಲಬೇಕು. ಅಕ್ಕ ಕಲಬುರಗಿಯಲ್ಲಿರುವ ಮಗಳ ಜೊತೆ ದಿನಾ ಸಂಜೆ ಅಲ್ಲಿಂದಲೇ ಮಾತಾಡುತ್ತಿದ್ದಳು. ಮಗಳಿಗೆ ಕೇಳಿಸುತ್ತಿತ್ತೋ ಇಲ್ಲವೋ, ಓಣಿಗಂತೂ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಮನೆಯಲ್ಲಿ ಇಂಟರ್ನೆಟ್ ಇರಲಿಲ್ಲವೆಂದಲ್ಲ. ಭಾವನ ಕಂಪ್ಯೂಟರಿಗೆ ತಂತಿಯಲ್ಲಿ ಬರುತ್ತಿತ್ತು. ವೈಫೈ ಹಾಕಿಸಿಕೊಳ್ಳಿ ಎಂದು ನಾನು ಹೇಳಿದಾಗಲೆಲ್ಲ ಭಾವ ಕೈಯಾಡಿಸಿಬಿಡುತ್ತಿದ್ದರು.

"ಬ್ಯಾಡ್ರಿ ಮೇಷ್ಟ್ರೇ. ಅದು ಗೋಡೆ ದಾಟತೈತೆ. ನಮ್ಮನೀದನ್ನ ಪಕ್ಕದ ಮನೇರು ಉಪಯೋಗಿಸಿದ್ರೆ ಹೆಂಗೆ? ತಂತಿಯೊಳಗಿದ್ರೆ ಹೇಳಿದಂಗೆ ಕೇಳ್ಕೊಂಡು ಬಿದ್ದಿರತೈತೆ."

ನಾನು ದಾವಣಗೆರೆಯ ವಿದ್ಯಾನಗರದ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನು. ಸಾಕ್ಷ್ಯವಿಲ್ಲದೆ ಏನನ್ನೂ ನಂಬಬೇಡಿ ಎಂದು ಹುಡುಗರಿಗೆ ಹೇಳುತ್ತೇನೆ. ಹಾಗೆ ಹೇಳಿ ಹೇಳಿ ಈಗ ನನ್ನ ನೆನಪುಗಳನ್ನೇ ನಂಬದ ಸ್ಥಿತಿಗೆ ಬಂದಿದ್ದೇನೆ. ಇಲ್ಲಿ ಬರೆಯುವುದನ್ನು ನನ್ನ ಹೆಂಡತಿ ಓದಿದರೆ ಅರ್ಧ ಹೊಡೆದುಹಾಕುತ್ತಾಳೆ. ಆದರೂ ಬರೆಯುತ್ತೇನೆ.

ಆ ಮಗಳು ಏಳು ತಿಂಗಳ ಬಸುರಿಯಾಗಿದ್ದಾಗ ಅಕ್ಕ ಮಾಳಿಗೆಯ ಮೆಟ್ಟಿಲ ಮೇಲೆ ಜಾರಿ ಬಿದ್ದು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಳು. ಕಲಬುರಗಿಯ ಬೀಗರ ಮನೆಯಲ್ಲಿ ಕುಬುಸಕ್ಕೆ ದಿನ ಗೊತ್ತಾಗಿತ್ತು. ಬಸುರಿಗೆ ತವರಿನವರು ಸೀರೆ, ಕುಪ್ಪಸದ ಕಣ, ಹಸಿರು ಬಳೆ ಕೊಟ್ಟು ಮಾಡುವ ಶಾಸ್ತ್ರ ಅದು. ನಮ್ಮಲ್ಲಿ ಬಳೆ ಇಡುವಾಗ ಮೊದಲ ಸೋಬಾನೆಯನ್ನು ಹೆತ್ತ ತಾಯಿಯೇ ಹಾಡಬೇಕು, ಉಳಿದ ಹೆಂಗಸರು ಸಾಲು ಸಾಲಾಗಿ ಹಿಂದೆ ಹೇಳಬೇಕು. ಅಷ್ಟು ದೂರದ ಪ್ರಯಾಣ ಕೂಡದು ಎಂದು ಡಾಕ್ಟರು ಹೇಳಿದ ಮೇಲೆ ಸೀರೆ, ಬಳೆ, ಬುತ್ತಿಯನ್ನು ಭಾವನ ತಮ್ಮನ ಮನೆಯವರ ಕೈಲಿ ಕಳಿಸುವುದೆಂದಾಯಿತು. ಅಕ್ಕ ಎಲ್ಲದಕ್ಕೂ ಒಪ್ಪಿದಳು, ಹಾಡಿನ ವಿಷಯ ಬಿಟ್ಟು.

"ಸೀರೆ ಯಾರ್ ಕೈಲಾದ್ರೂ ಹೋಗ್ಲಿ. ಹಾಡು ನಂದು. ಬ್ಯಾರೆಯವರ ಬಾಯಾಗೆ ಬ್ಯಾಡ," ಎಂದಳು. ಹೇಳಿ ಗೋಡೆಯ ಕಡೆ ಮುಖ ತಿರುಗಿಸಿದಳು. ಬಿದ್ದಾಗಲೂ ಅಳದವಳು ಆಗ ಅತ್ತಳು.

ಮಾಳಿಗೆ ಹತ್ತುವಂತಿಲ್ಲ. ಭಾವನ ಕಂಪ್ಯೂಟರಿಗೆ ಕ್ಯಾಮೆರಾ ಇಲ್ಲ, ಮೈಕಿಲ್ಲ. ನಾನು ನಿಜಲಿಂಗಪ್ಪ ಬಡಾವಣೆಯ ನನ್ನ ಮನೆಗೆ ಬಂದವನು ಊಟಕ್ಕೂ ನೆಟ್ಟಗೆ ಕೂರದೆ ಹುಡುಕಿದೆ. ಸಾಮಾನ್ಯವಾಗಿ ಫೋನಿನ ಇಂಟರ್ನೆಟ್ಟನ್ನು ಕಂಪ್ಯೂಟರಿಗೆ ಕೊಡುತ್ತೇವಲ್ಲ, ಅದನ್ನು ತಿರುಗುಮುರುಗು ಮಾಡಿ ಕಂಪ್ಯೂಟರಿನದನ್ನೇ ಚಾರ್ಜಿಂಗ್ ತಂತಿಯ ಮೂಲಕ ಫೋನಿಗೆ ಹರಿಸುವ ಒಂದು ಪುಟ್ಟ ಪ್ರೋಗ್ರಾಂ ಸಿಕ್ಕಿತು. ಫೋನಿನ ಸೆಟ್ಟಿಂಗಿನಲ್ಲಿ ಒಮ್ಮೆ ಅನುಮತಿ ಕೊಟ್ಟರಾಯಿತು, ಆಮೇಲೆ ತಂತಿ ಚುಚ್ಚಿದ ಕೂಡಲೇ ತಾನಾಗಿ ಶುರುವಾಗುತ್ತದೆ. ಯಾರೂ ಏನನ್ನೂ ಒತ್ತಬೇಕಿಲ್ಲ. ಆ 'ತಾನಾಗಿ' ಎಂಬುದರ ಮೇಲೆ ನನಗೆ ಬಹಳ ಹೆಮ್ಮೆಯಿತ್ತು.

ಭಾನುವಾರ ಹರಿಹರಕ್ಕೆ ಹೋಗಿ ಅಕ್ಕನ ಫೋನನ್ನು ಕಂಪ್ಯೂಟರಿಗೆ ಚುಚ್ಚಿದೆ. ಪರದೆಯ ಮೇಲೆ ಮಗಳ ಮುಖ ಬಂತು.

"ಇದು ಚಾರ್ಜೋ, ಇಂಟರ್ನೆಟ್ಟೋ?" ಅಕ್ಕ ಕೇಳಿದಳು.

"ಎರಡೂ."

"ಒಂದೇ ತಂತೀಲಿ? ಸುಳ್ಳು ಹೇಳಬ್ಯಾಡ."

ಸುದ್ದಿ ಓಣಿಗೆ ಮುಟ್ಟಲು ತಡವಾಗಲಿಲ್ಲ. ಪಕ್ಕದ ಮನೆಯಾಕೆ ಬಂದು, "ಅಣ್ಣಾರ, ನಮ್ಮ ಫೋನಿಗೂ ಅದನ್ನ ಹಾಕಿಕೊಡ್ರಿ, ನಮ್ಮನ್ಯಾಗೂ ಸಿಗ್ನಲ್ ಸಾಯ್ತೈತೆ," ಎಂದರು. ಆಕೆಯ ಹಿಂದೆ ಆಕೆಯ ಓರಗಿತ್ತಿ, ಆಮೇಲೆ ಎದುರುಮನೆ ಅಜ್ಜಿ. ಪ್ರತಿ ಭಾನುವಾರ ನಾನು ಫೋನುಗಳಿಗೆ ಅನುಮತಿ ಕೊಡಿಸುತ್ತ ಕೂತೆ.

"ನಿಮ್ಮನ್ನ ಯಾರಾದ್ರೂ ಅಣ್ಣಾರ ಅಂದ್ರೆ ಸಾಕು, ಫೋನೂ ಈಸ್ಕೊಂತೀರಿ, ಪಾಠಾನೂ ಮಾಡ್ತೀರಿ," ಎಂದಳು ನನ್ನ ಹೆಂಡತಿ. "ಮನ್ಯಾಗ ಮಿಕ್ಸಿ ಕೆಟ್ಟು ಕೂತೈತೆ. ಅದಕ್ಕೂ ನಿಮ್ಮನ್ನ ಅಣ್ಣಾರ ಅನ್ಬೇಕೇನು?"

ಭಾವನ ಇಂಟರ್ನೆಟ್ ಗೋಡೆ ದಾಟಲಿಲ್ಲ, ನಿಜ. ಅಕ್ಕಪಕ್ಕದವರೇ ಬಾಗಿಲಿನಿಂದ ಒಳಗೆ ಬಂದರು. ಬಂದವರಿಗೆ ಇಲ್ಲವೆನ್ನುವುದು ಭಾವನಿಗೆ ಆಗದ ಕೆಲಸ. ಚಹಾ ಕೊಟ್ಟರು, ಮಂಡಕ್ಕಿ ಕೊಟ್ಟರು. ಕಂಪ್ಯೂಟರಿನಲ್ಲಿ ತಂತಿ ಚುಚ್ಚುವ ಕಿಂಡಿಗಳು ಸಾಲದೆ ಒಬ್ಬಿಬ್ಬರು ಫೋನ್ ಹಿಡಿದು ಕಾಯುವಂತಾದಾಗ ನಾಚಿಕೊಂಡು, ಸಾಲಾಗಿ ಕಿಂಡಿಗಳಿರುವ ಒಂದು ಯುಎಸ್‌ಬಿ ಪಟ್ಟಿಯನ್ನು ತಂದು ಜೋಡಿಸಿದರು. ತಂದದ್ದು ಅವರು ಎಂದು ನನ್ನ ನೆನಪು, ದಾವಣಗೆರೆಯಿಂದ ನಾನೇ ತಂದದ್ದೆಂದು ಅವರ ನೆನಪು. ಅವರು ಬಸ್ ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ ಚಿತ್ರ ನನ್ನ ಕಣ್ಣ ಮುಂದಿದೆ. ಆದರೆ ನಾನು ಜೊತೆಗಿರಲಿಲ್ಲವೆಂಬುದೂ ಖಚಿತ. ಹಾಗಿದ್ದರೆ ಚಿತ್ರ ಎಲ್ಲಿಂದ ಬಂತು?

ಕುಬುಸದ ಬೆಳಿಗ್ಗೆ ಅಕ್ಕ ರೇಷ್ಮೆ ಸೀರೆಯುಟ್ಟು, ಪ್ಲಾಸ್ಟರ್ ಕಾಲನ್ನು ಸ್ಟೂಲಿನ ಮೇಲಿಟ್ಟು, ಕಂಪ್ಯೂಟರ್ ಮೇಜಿನ ಎದುರು ಕೂತಳು. ನಾನೂ ನನ್ನ ಹೆಂಡತಿಯೂ ತಂತಿ ಚುಚ್ಚಿದ ಫೋನನ್ನು ಹಿತ್ತಾಳೆ ಚೊಂಬಿಗೆ ಆನಿಸಿದ್ದೆವು. ಹಾಡಲು ಕರೆದಿದ್ದ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟಷ್ಟೇ ಸಹಜವಾಗಿ ತಮ್ಮ ತಮ್ಮ ಫೋನನ್ನು ಪಟ್ಟಿಗೆ ಚುಚ್ಚಿ, ಜಮಖಾನದ ಮೇಲೆ ಕೂತರು. ನಾನು ಅದನ್ನು ನೋಡಿದೆ, ನೋಡಿಯೂ ಗಮನಿಸಲಿಲ್ಲ.

ಪರದೆಯ ಮೇಲೆ ಕಲಬುರಗಿ ಬಂತು. ಮಗಳು ಹಸಿರು ಸೀರೆಯಲ್ಲಿ ಮಣೆಯ ಮೇಲೆ ಕೂತಿದ್ದಳು. ಅಕ್ಕ ಗಂಟಲು ಸರಿಮಾಡಿಕೊಂಡು ಶುರುಮಾಡಿದಳು. ಎರಡನೆಯ ಸಾಲಿಗೆ ಹೋಗುವಷ್ಟರಲ್ಲಿ ಪರದೆಯಲ್ಲಿ ಮಗಳ ಮುಖ ಕಣ್ಣು ಅರ್ಧ ಮುಚ್ಚಿದಂತೆಯೇ ನಿಂತುಬಿಟ್ಟಿತು.

"ಅವ್ವಾ, ನಿಂತ್ಬಿಡ್ತು... ಕೇಳ್ತಾ ಇಲ್ಲ... ಅವ್ವಾ..."

ಅಕ್ಕ ನಿಲ್ಲಿಸಿದಳು. ಮತ್ತೆ ಮೊದಲಿನಿಂದ ಶುರುಮಾಡಿದಳು. ಮತ್ತೆ ನಿಂತಿತು. ಎಲ್ಲೋ ಕೇಬಲ್ ತುಂಡಾಗಿರಬೇಕೆಂದೂ, ತೇವಾಂಶದ ಪರಿಣಾಮವಿರಬಹುದೆಂದೂ ನಾನು ವಿವರಿಸಿದೆ. ಯಾರೂ ಕೇಳಲಿಲ್ಲ. ಅತ್ತ ಕಡೆಯಿಂದ ಬೀಗಿತ್ತಿಯ ದನಿ ತುಂಡು ತುಂಡಾಗಿ ಬಂತು: "ಬೀಗರ, ಹೊತ್ತು ಮೀರ್ತದ... ಬಳಿ ಇಡಬೇಕು... ಹಾಡು ನಾವೇ ಹೇಳ್ಲೇನ್ರಿ?"

"ತಡೀರಿ ಬೀಗರ, ಒಂದ್ ನಿಮಿಷ ತಡೀರಿ," ಎಂದಳು ಅಕ್ಕ.

ಆಗ ಭಾವ ನನ್ನ ತೋಳು ತಟ್ಟಿ ಕಣ್ಣಿನಲ್ಲೇ ಪಟ್ಟಿಯನ್ನು ತೋರಿಸಿದರು. ಸಾಲು ಸಾಲು ಫೋನುಗಳು. ಮನೆಯಲ್ಲಿ ಸಿಗ್ನಲ್ ಇಲ್ಲದೆ ಬಾಯಾರಿದ್ದ ಅವೆಲ್ಲ ವಾರದ ಫೋಟೋ, ಶುಭಾಶಯದ ವಿಡಿಯೋ, ಸಿನಿಮಾ, ಇರುವ ಎಲ್ಲ ಆ್ಯಪುಗಳ ಅಪ್‌ಡೇಟನ್ನು ಒಟ್ಟಿಗೇ ಹೀರುತ್ತಿದ್ದವು. ಪ್ರೋಗ್ರಾಂ ನಿಲ್ಲಿಸಿದರೆ ಅಕ್ಕನ ಫೋನೂ ನಿಲ್ಲುತ್ತದೆ. ಉಳಿದವನ್ನು ಕೀಳಬೇಕು. ನಾನು ಕೈಹಾಕಿದೆ. ಭಾವ ಕೈ ಹಿಡಿದುಕೊಂಡರು.

"ಏನ್ ಮಾಡ್ತೀರಿ? ಮುತ್ತೈದೇರನ್ನ ಹಾಡಾಕ ಕರೆದು ಅವರ ಫೋನ್ ಕೀಳೋದೇನ್ರಿ?" ಎಂದು ಪಿಸುಗುಟ್ಟಿದರು.

"ಹಂಗಾದ್ರೆ ನೀವೇ ಹೇಳ್ರಿ ಅವರಿಗೆ."

"ನಾನ್ಯಾಕ? ಅಣ್ಣಾರು ನೀವು. ಹಾಕಿಕೊಟ್ಟೋರು ನೀವು."

ಮನೆಗೆ ಬಂದವರ ತಂತಿ ಕೀಳುವ ಧೈರ್ಯ ಇಬ್ಬರಿಗೂ ಇಲ್ಲ. ಹೀಗೆ ಕಚ್ಚಾಡುತ್ತಿದ್ದುದು ಅಕ್ಕನ ಕಿವಿಗೆ ಬಿತ್ತು. ಅವಳು ಪಟ್ಟಿಯನ್ನೊಮ್ಮೆ ನೋಡಿದಳು, ಜಮಖಾನದ ಮೇಲಿದ್ದವರನ್ನೊಮ್ಮೆ ನೋಡಿದಳು. ಆಮೇಲೆ, ಬೀಗರನ್ನು ಚುಡಾಯಿಸುವ ಹಾಡುಗಳ ಧಾಟಿಯಲ್ಲಿ, ನಗದೆ, ಗಟ್ಟಿಯಾಗಿ ಹಾಡಿದಳು:

ಓಣೀಯ ಗೆಳತ್ಯಾರೆ ಒಂದ್ಮಾತು ಕೇಳೀರೆ
ಹಾಡಾಕ ಬಂದೀರೊ ಚಾರ್ಜೀಗೆ ಬಂದೀರೊ
ಚುಚ್ಚೀದ ತಂತೀಯ ಕಿತ್ತೀಡೀರೆ ಸೋಬಾನವೇ

ಹೆಂಗಸರು ಅಭ್ಯಾಸಬಲದಿಂದ ಸಾಲು ಸಾಲಾಗಿ ಹಿಂದೆ ಹೇಳಿದರು. ಒಬ್ಬರಿಗೊಬ್ಬರು ತಂತಿ ಕೀಳಿರೆಂದು ರಾಗವಾಗಿ ಹಾಡಿಕೊಂಡರು. ಹಾಡಿ ಮುಗಿದ ಮೇಲೆ ಅರ್ಥವಾಯಿತು. ಮೊದಲು ನಕ್ಕದ್ದು ಎದುರುಮನೆ ಅಜ್ಜಿ.

"ಅಯ್ಯೋ, ನಮ್ಮ ಮನೇರು ಕುಸ್ತಿ ವಿಡಿಯೋ ಇಳಿಸ್ಕೊಂಡು ಬಾ ಅಂದಿದ್ರಲ್ಲೇ! ಇನ್ನೂ ಅರ್ಧ ಆಗೈತೆ," ಎಂದು ಪಕ್ಕದ ಮನೆಯಾಕೆ ಎದ್ದರು.

"ಅರ್ಧ ಕುಸ್ತಿ ನೋಡ್ಲಿ ಬಿಡೇ. ಉಳಿದರ್ಧ ಮನ್ಯಾಗ ನೀನೇ ಆಡ್ತೀಯಲ್ಲ," ಎಂದಳು ಅಕ್ಕ.

ನಗುತ್ತಲೇ ಎಲ್ಲರೂ ತಂತಿ ಕಿತ್ತರು. ಯಾರ ಮುಖವೂ ಬಾಡಲಿಲ್ಲ. ಮಾತಿನಲ್ಲಿ ಹೇಳಿದ್ದರೆ ವರ್ಷಗಟ್ಟಲೆ ನೆನಪಿಡುತ್ತಿದ್ದ ಮಾತದು. ಹಾಡಿನಲ್ಲಿ ಬಂದದ್ದಕ್ಕೆ ಸಿಟ್ಟಾಗಬಾರದೆಂಬ ನಿಯಮ ಎಲ್ಲರಿಗೂ ಗೊತ್ತಿತ್ತು.

ಪರದೆಯ ಮೇಲೆ ಕಲಬುರಗಿ ಅಲುಗಾಡಿ ಜೀವ ಪಡೆಯಿತು. "ಯಾಕ್ರಿ ಬೀಗರ, ನಮಗೇನರ ಅಂದ್ರೇನು?" ಎಂದರು ಬೀಗಿತ್ತಿ, ಬಳೆ ಹಿಡಿದುಕೊಂಡೇ.

"ನಿಮ್ಮ ಪಾಳಿ ಆಮ್ಯಾಲೈತ್ರಿ," ಎಂದು ಅಕ್ಕ ಕಣ್ಣು ಮುಚ್ಚಿ, ಮಗಳ ಹಾಡನ್ನು ಮೊದಲಿನಿಂದ ಎತ್ತಿಕೊಂಡಳು. ಓಣಿಯ ದನಿಗಳು ಅವಳ ಹಿಂದೆ ಹೋದವು. ಈ ಸಲ ಹಾಡು ಎಲ್ಲೂ ತುಂಡಾಗದೆ, ಕೊನೆಯ ಬಳೆ ಏರುವವರೆಗೂ ನಡೆಯಿತು.

ನಡೆಯಿತೆಂದು ನನ್ನ ನೆನಪು. ನಡುವೆ ಪರದೆ ಮತ್ತೆ ನಿಂತಿತ್ತು, ನೀವು ಕಣ್ಣೊರೆಸಿಕೊಳ್ಳುತ್ತಿದ್ದಿರಿ, ಅದಕ್ಕೇ ಕಾಣಲಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ನಾನು ಅತ್ತಿರಲಿಲ್ಲ. ಅಕ್ಕ ಕಣ್ಣು ಮುಚ್ಚಿದ್ದರಿಂದ ಅವಳ ಸಾಕ್ಷ್ಯ ಪ್ರಯೋಜನಕ್ಕಿಲ್ಲ.

ಮೊನ್ನೆ ಮಗಳು ಕೂಸನ್ನೆತ್ತಿಕೊಂಡು ಹರಿಹರಕ್ಕೆ ಬಂದಿದ್ದಳು. ಅಕ್ಕ ಒಳಗೆ ನೀರು ಕಾಯಿಸುತ್ತಿದ್ದಾಗ, ಕುಬುಸದ ದಿನ ಹಾಡಿನ ನಡುವೆ ಪರದೆ ಮತ್ತೆ ನಿಂತಿತ್ತೇ ಎಂದು ಕೇಳಿಯೇಬಿಟ್ಟೆ.

ಮಗಳು ಒಮ್ಮೆ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದಳು.

"ನಿಂತಿತ್ತು ಮಾಮ. ಅವ್ವನ ಮುಖ ಹಂಗೇ ನಿಂತಿತ್ತು, ಹಾಡು ಮಾತ್ರ ಬರ್ತಿತ್ತು. ನಿಂತೈತೆ ಅಂದಿದ್ರೆ ಅವ್ವ ಮತ್ತೆ ಹಾಡು ನಿಲ್ಲಿಸ್ತಿದ್ಲಲ್ಲ? ಅದಕ್ಕೇ ಬಳೆ ಮುಗಿಯೋತನಕ ಬಾಯಿ ಮುಚ್ಕೊಂಡು ಕೂತೆ."