ಅಪ್ಪನ ಟೆಂಪೋ, ಅತ್ತೆಯ ಬಸ್ಸು

ಮೊನ್ನೆ ಬೆಂಗಳೂರಿನಲ್ಲಿ ಬ್ಯಾಟರಿ ಬಸ್ಸು ಹತ್ತಿದೆ. ಸದ್ದಿಲ್ಲ, ಹೊಗೆಯಿಲ್ಲ. ಪಕ್ಕದವರು ಎಸಿ ಹೊಗಳುತ್ತಿದ್ದರು. ನನಗೆ ನೆನಪಾದದ್ದು ಗುರುಬಾಯಿ ಅತ್ತೆಯ ಕೆಮ್ಮು.

ಎಂಬತ್ತರ ದಶಕ. ನಮ್ಮೂರು ನರೋಣಾದಿಂದ ಬೆಳಗಿನ ಹೊತ್ತು ಆಳಂದಕ್ಕೆ ಹೋಗಲು ಇದ್ದದ್ದು ಅಪ್ಪನ ಟೆಂಪೋ ಒಂದೇ. ಅಪ್ಪನ ತಂಗಿ ಗುರುಬಾಯಿ ಆಳಂದದಲ್ಲಿ ಹೊಲಿಗೆ ಕಲಿಸುತ್ತಿದ್ದಳು. ಅವಳಿಗೆ ದಮ್ಮು, ಉಬ್ಬಸದ ಕಾಯಿಲೆ. ಟೆಂಪೋ ಕುಡಿಯುತ್ತಿದ್ದುದು ಡೀಸೆಲ್ಲಿಗೆ ಬೆರೆಸಿದ ಚಿಮಣಿ ಎಣ್ಣೆ. (ಸರ್ಕಾರ ಸೀಮೆಎಣ್ಣೆ ಅಗ್ಗ ಮಾಡಿದ್ದು ಬಡವರ ದೀಪಕ್ಕೆ. ಉರಿದದ್ದು ನಮ್ಮ ಎಂಜಿನ್ನಿನಲ್ಲಿ.)

ಆದರೂ ಆ ಟೆಂಪೋ ಎಷ್ಟು ಚೆಂದವಿತ್ತು! ಮೇಲೆ ತೊಗರಿ ಚೀಲ, ಒಳಗೆ ಮೊಸರಿನ ಗಡಿಗೆ, ಊರಿನ ಸುದ್ದಿಯೆಲ್ಲ. ಅಪ್ಪ ಯಾರನ್ನೂ ಬಿಟ್ಟು ಹೋಗುತ್ತಿರಲಿಲ್ಲ. ಮನೆ ಮುಂದೆ ಹಾರ್ನ್ ಹೊಡೆದು ಕಾಯುತ್ತಿದ್ದ.

ಒಂದು ಬೆಳಿಗ್ಗೆ ದಾರಿಯಲ್ಲೇ ಟೆಂಪೋದ ಹೊಗೆಯಿಂದ ಅತ್ತೆಗೆ ಉಸಿರು ಕಟ್ಟಿತು. ತುಟಿ ನೀಲಿಯಾಯಿತು. ಅಪ್ಪ ಗಾಡಿ ನಿಲ್ಲಿಸಿ, ಅವಳನ್ನು ಬೇವಿನ ಮರದಡಿ ಕೂರಿಸಿ ಟವೆಲ್ಲಿನಿಂದ ಗಾಳಿ ಹಾಕಿದ. ಚೇತರಿಸಿಕೊಂಡ ಮೇಲೆ ಅತ್ತೆ ಹೇಳಿದಳು:

"ಅಣ್ಣಾ, ನಾ ಸರ್ಕಾರಿ ಬಸ್ ಕೇಳಾಕ ಹೋಗ್ತೇನಿ. ಸಿಟ್ಟಾಗಬ್ಯಾಡ."

"ಬಸ್ ಬಂದ್ರ ನನ್ನ ಟೆಂಪೋ ಯಾರು ಹತ್ತತಾರ?"

"ಅದು ನನಗೂ ಗೊತ್ತದ."

ಅಪ್ಪ ಅವಳನ್ನು ಹತ್ತಿಸಿಕೊಂಡು ಗಾಡಿ ಹೊರಡಿಸಿದ.

ಅತ್ತೆ ಓಣಿಯ ಹೆಂಗಸರನ್ನು ಕಟ್ಟಿಕೊಂಡು ಬಸ್ಸಿನ ಕಚೇರಿಗೆ ಹೋದಳು. "ಅಷ್ಟು ಮುಂಜಾನೆ ಮಂದಿ ಎಲ್ಲಿರ್ತಾರ್ರಿ?" ಎಂದರು ಅಧಿಕಾರಿ. "ಒಮ್ಮೆ ನಮ್ಮ ಜೋಡಿ ಟೆಂಪೋದಾಗ ಬರ್ರಿ, ಸಾಹೇಬ್ರ. ನೋಡ್ರಿ," ಎಂದಳು ಅತ್ತೆ.

ಅವರು ಬಂದರು. (ಬರುವ ಅಧಿಕಾರಿಗಳೂ ಇದ್ದರು ಆಗ.) ಹಿಂದಿನ ಸೀಟಿನಲ್ಲಿ, ಅತ್ತೆಯ ಪಕ್ಕದಲ್ಲೇ ಕೂತರು. ಆಳಂದದಲ್ಲಿ ಇಳಿದು ಮುಖ ಒರೆಸಿಕೊಂಡಾಗ ಕರವಸ್ತ್ರ ಕಪ್ಪಾಗಿತ್ತು. ಅದನ್ನು ಮಡಚಿ ಜೇಬಿಗಿಟ್ಟುಕೊಂಡು ಹೋದರು. ಮಳೆಗಾಲ ಮುಗಿಯುವಷ್ಟರಲ್ಲಿ ಬೆಳಗಿನ ಬಸ್ಸು ಬಂತು. ಅದೂ ಡೀಸೆಲ್ಲಿನದೇ, ಆದರೆ ಚಿಮಣಿ ಎಣ್ಣೆಯ ನಾತವಿರಲಿಲ್ಲ.

ಮೊದಲ ದಿನ ಅಪ್ಪ ಟೆಂಪೋ ತೆಗೆಯಲಿಲ್ಲ. ತಂಗಿಯ ಚೀಲ ಹಿಡಿದು ಬಸ್ಸು ಹತ್ತಿ, ಅವಳಿಗೆ ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟ. "ಆರಾಮ ಹೋಗು ತಂಗಿ," ಎಂದು ಇಳಿದ. ಬಸ್ಸು ಹೋದ ಮೇಲೂ ಬಹಳ ಹೊತ್ತು ಅಲ್ಲೇ ನಿಂತಿದ್ದ.

ಅತ್ತೆಯ ಕೆಮ್ಮು ಇಳಿಯಿತು. ನಮ್ಮ ಟೆಂಪೋ ಮಾರಾಟವಾಯಿತು. ಅಪ್ಪ ಅಫಜಲಪುರದ ಕಡೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯಲು ಹೋದ. ಸೀಸನ್ ಮುಗಿಯುವವರೆಗೆ ಮನೆ ಕಾಣುತ್ತಿರಲಿಲ್ಲ. ಅವನು ಬಂದಾಗಲೆಲ್ಲ ಅತ್ತೆ ಒಂದು ಹೊಸ ಅಂಗಿ ಹೊಲಿದಿಟ್ಟಿರುತ್ತಿದ್ದಳು. ಅಪ್ಪ ಅದನ್ನು ಹಾಕಿಕೊಂಡೇ ಊಟಕ್ಕೆ ಕೂರುತ್ತಿದ್ದ. ಬಸ್ಸಿನ ಮಾತು ಇಬ್ಬರೂ ಎತ್ತುತ್ತಿರಲಿಲ್ಲ.

ಸರ್ಕಾರದ ಒಂದು ತೀರ್ಮಾನ ನಮ್ಮ ಅತ್ತೆಯನ್ನು ಉಳಿಸಿತು. ಇದನ್ನು ನಾನು ಯಾವ ವೇದಿಕೆಯಲ್ಲಾದರೂ ಹೇಳಬಲ್ಲೆ. ಈಗಲೂ ಹೊಗೆಯಿಲ್ಲದ ಗಾಡಿಗೆ ಸಬ್ಸಿಡಿ, ಹಳೆಯ ಗಾಡಿಗೆ ಗುಜರಿ. ಆಗಬೇಕಾದ್ದೇ.

ಆದರೆ ಆ ಹಳೆಯ ಗಾಡಿಯ ಸ್ಟೀರಿಂಗ್ ಹಿಡಿದವನಿಗೆ ಏನು?